ಜೋಜಿಲಾದ ಮೊದಲ ಟ್ಯಾಂಕ್, ದೆಹಲಿಯ ಕಿವಿ

(ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದರ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಜಕೀಯದಲ್ಲಿ, ಯುದ್ಧದಲ್ಲಿ ಒಳ್ಳೆಯ ನಾಯಕ ಅಂದರೆ ಯಾರು ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ಧೈರ್ಯ, ದೂರದೃಷ್ಟಿ, ತ್ಯಾಗ ಎಂದು ಗುಣಗಳ ಪಟ್ಟಿ ಓದಿದರೆ ನೀವು ತಲೆಯಾಡಿಸುತ್ತೀರಿ, ಸಂಜೆ ಬಸ್ ಹತ್ತುವಷ್ಟರಲ್ಲಿ ಮರೆತೂ ಬಿಡುತ್ತೀರಿ. ಅದಕ್ಕೇ ಒಂದು ಘಾಟಿಯಿಂದ ಶುರು ಮಾಡುತ್ತೇನೆ.

1948ರ ನವೆಂಬರ್ 1. ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ನಮ್ಮ ಮೊದಲ ಯುದ್ಧ ನಡೆಯುತ್ತಿತ್ತು. ಜಾಗ ಜೋಜಿಲಾ. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಸಿಗುವ ಘಾಟಿ, ಸುಮಾರು 11,500 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರದಲ್ಲಿ, ಹಿಮ ಬೀಳುವಾಗ, ಒಂದು ಇಕ್ಕಟ್ಟಾದ ದಾರಿ. ಎರಡೂ ಕಡೆ ಬಂಡೆ. ಬಂಡೆಗಳ ಸಂದಿಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕೂತ ಶತ್ರು.

ಆ ವರ್ಷದ ಬೇಸಿಗೆಯಲ್ಲೇ ಪಾಕಿಸ್ತಾನದ ಕಡೆಯವರು ದ್ರಾಸ್, ಕಾರ್ಗಿಲ್ ಹಿಡಿದಿದ್ದರು. ಆಗಸ್ಟ್‌ನಲ್ಲಿ ಸ್ಕರ್ದು ಬಿತ್ತು. ಲೇಹ್ ಒಂಟಿಯಾಗಿ ಉಳಿದಿತ್ತು. ಅಲ್ಲಿಗೆ ಹೋಗುವ ರಸ್ತೆಯ ಬಾಗಿಲು ಅಂದರೆ ಈ ಜೋಜಿಲಾ. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳುಗಳು ಘಾಟಿ ಹತ್ತಲು ನೋಡಿ ಸೋತು ಹಿಂದಿರುಗಿದ್ದರು. ತುಂಬಾ ಜನ ಸತ್ತಿದ್ದರು. ಚಳಿಗಾಲ ಬಂದು ದಾರಿ ಮುಚ್ಚಿದರೆ ಮುಂದಿನ ಬೇಸಿಗೆಯವರೆಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅಷ್ಟರೊಳಗೆ ಲೇಹ್ ಉಳಿಯುತ್ತದೆ ಅನ್ನುವ ಭರವಸೆ ಯಾರಿಗೂ ಇರಲಿಲ್ಲ.

ಅಲ್ಲಿನ ಸೇನಾ ಡಿವಿಷನ್ನಿನ ಮುಖ್ಯಸ್ಥರಿಗೆ ಆಗ 42 ವರ್ಷ. ಮೇಜರ್ ಜನರಲ್. ಅವರು ಒಂದು ಪ್ರಶ್ನೆ ಕೇಳಿದರು: ಈ ಘಾಟಿಗೆ ಟ್ಯಾಂಕ್ ಹತ್ತಿಸಲು ಆಗುತ್ತದಾ?

ಹುಚ್ಚು ಪ್ರಶ್ನೆ ಅನ್ನಿಸುತ್ತದೆ ಅಲ್ವಾ? ಅಲ್ಲಿ ಕುದುರೆ, ಹೇಸರಗತ್ತೆ ಹೋಗುವ ದಾರಿ ಮಾತ್ರ ಇತ್ತು. ಆದರೂ ಅದಕ್ಕೆ ಉತ್ತರ ಹುಡುಕಿದರು. ಬಾಲ್ತಲ್‌ನಿಂದ ಮೇಲಕ್ಕೆ ಟ್ಯಾಂಕ್ ಹತ್ತುವಷ್ಟು ಅಗಲದ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನಲ್ಲಿ ಹಲಸೂರು ಕೆರೆ ಪಕ್ಕದಲ್ಲಿ ಕೇಂದ್ರ ಇದೆಯಲ್ಲ, ಅದೇ ಪಡೆಯವರು. ಮೇಲಿಂದ ಗುಂಡು ಬೀಳುತ್ತಿರುವಾಗ ಬಂಡೆ ಒಡೆದು ದಾರಿ ಮಾಡಿದರು. ಅತ್ತ ಜಮ್ಮು ಕಡೆಯಿಂದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹೊರಟವು. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯುವಂಥವಲ್ಲ. ಹಾಗಾಗಿ ಟ್ಯಾಂಕಿನ ಮೇಲಿನ ಗೋಪುರ, ಅಂದರೆ ಫಿರಂಗಿ ಇರುವ ಭಾಗ, ಅದನ್ನೇ ಬಿಚ್ಚಿ ಬೇರೆ ಸಾಗಿಸಿದರು. ಭಾರವೂ ಇಳಿಯಿತು, ನೋಡಿದವರಿಗೆ ಅದು ಟ್ಯಾಂಕ್ ಅಂತಲೂ ಗೊತ್ತಾಗಲಿಲ್ಲ. ಶ್ರೀನಗರ ದಾಟುವಾಗ ಊರಿಗೆ ಕರ್ಫ್ಯೂ ಹಾಕಿದರು. ಘಾಟಿಯ ಬುಡಕ್ಕೆ ಬಂದ ಮೇಲೆ ಗೋಪುರಗಳನ್ನು ಮತ್ತೆ ಜೋಡಿಸಿದರು.

ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಟ್ಯಾಂಕುಗಳು ಮೇಲೆ ಹತ್ತಿದವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಯುದ್ಧಕ್ಕೆ ಇಳಿದದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನುತ್ತಾರೆ. ಮೇಲಿದ್ದವರು ಕನಸಿನಲ್ಲೂ ಎಣಿಸದ ಸದ್ದು ಅದು. ಅವರ ಬಳಿ ಟ್ಯಾಂಕ್ ಒಡೆಯುವ ಸಿದ್ಧತೆ ಇರಲಿಲ್ಲ. ಘಾಟಿ ಕೈಗೆ ಬಂತು. ಅದೇ ತಿಂಗಳಲ್ಲಿ ದ್ರಾಸ್ ಬಂತು, ಆಮೇಲೆ ಕಾರ್ಗಿಲ್ ಬಂತು. ಲೇಹ್ ಉಳಿಯಿತು.

ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕಿನಲ್ಲಿ ಆ ಮೇಜರ್ ಜನರಲ್ ಖುದ್ದಾಗಿ ಕೂತಿದ್ದರು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮಡಿಕೇರಿಯವರು.

ಮಡಿಕೇರಿಗೆ ಹೋದವರಿಗೆ ತಿಮ್ಮಯ್ಯ ವೃತ್ತ ಗೊತ್ತು. ಅವರು ಹುಟ್ಟಿದ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, 2021ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ನಾನು ಅಲ್ಲಿಗೆ ಹೋದಾಗ ಒಂದು ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ಹೊರಗೆ ಇಟ್ಟಿರುವ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡು, ಬಾಗಿಲ ತನಕ ಹೋಗಿ, ಮಳೆ ಜೋರಾಯಿತೆಂದು ವಾಪಸ್ ಬಸ್ ಹತ್ತಿದರು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಇಷ್ಟು ಹತ್ತಿರದ ಮನುಷ್ಯನನ್ನು ನಾವು ಇಷ್ಟು ದೂರ ಇಟ್ಟಿದ್ದೇವಲ್ಲ ಎಂದು. ಇವತ್ತು ಅವರನ್ನೇ ಹಿಡಿದು ಮಾತಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಈಗ ನಿಮ್ಮಲ್ಲಿ ಎನ್‌ಸಿಸಿಯವರು ಕೇಳಬಹುದು: ಒಂದು ಡಿವಿಷನ್ನಿನ ಮುಖ್ಯಸ್ಥ ಮೊದಲ ಟ್ಯಾಂಕಿನಲ್ಲಿ ಕೂರುವುದು ಸರಿಯಾ? ಅವರಿಗೆ ಗುಂಡು ತಗುಲಿದರೆ ಸಾವಿರಾರು ಜನರನ್ನು ನಡೆಸುವವರು ಯಾರು? ನ್ಯಾಯವಾದ ಪ್ರಶ್ನೆ. ಸಾಮಾನ್ಯವಾಗಿ ಅದು ತಪ್ಪೇ. ಅವರ ಜಾಗ ಹಿಂದೆ, ನಕ್ಷೆಯ ಮುಂದೆ, ವೈರ್‌ಲೆಸ್ ಪಕ್ಕ. ಆದರೆ ಆ ದಿನ ಮುಂದೆ ಹೋಗಬೇಕಾದ ಜವಾನರು ಸೆಪ್ಟೆಂಬರ್‌ನಲ್ಲಿ ಗೆಳೆಯರ ಹೆಣಗಳನ್ನು ಅದೇ ಬಂಡೆಗಳ ನಡುವೆ ಬಿಟ್ಟು ಬಂದಿದ್ದರು. ಟ್ಯಾಂಕ್ ಹತ್ತುತ್ತದೆ ಅಂತ ಅವರಿಗೆ ನಂಬಿಕೆ ಬರಬೇಕಿತ್ತು. ಹತ್ತುತ್ತದೆ ಅಂದವನೇ ಅದರೊಳಗೆ ಕೂತರೆ ಬೇರೆ ಭಾಷಣ ಬೇಕಿಲ್ಲ. ಆಳಾಗಬಲ್ಲವನು ಅರಸಾಗಬಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಈ ಕಥೆ ಓದಿದ ಮೇಲೆ.

ಅದು ಅವರಿಗೆ ಹೊಸದೂ ಅಲ್ಲ. ಅದೇ ವರ್ಷ ಮೇ 24ರಂದು ಲೇಹ್‌ಗೆ ಮೊದಲ ಸೇನಾ ವಿಮಾನ ಇಳಿಯಿತು. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಕಟ್ಟಿಕೊಂಡು ಸಿಂಧೂ ನದಿಯ ಬಯಲಲ್ಲಿ ಒಂದು ಮಣ್ಣಿನ ಪಟ್ಟಿ ಸಮತಟ್ಟು ಮಾಡಿದ್ದರು. ಅಷ್ಟೇ ವಿಮಾನ ನಿಲ್ದಾಣ. ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನ ಹಾರಿಸಿದರು. ಅಷ್ಟು ಎತ್ತರದ ಬೆಟ್ಟ ದಾಟಲೆಂದು ಮಾಡಿದ ವಿಮಾನ ಅಲ್ಲ ಅದು. ದಾರಿಯ ನಕ್ಷೆಯೂ ಸರಿಯಾಗಿ ಇರಲಿಲ್ಲ. ಅದರೊಳಗೆ ಮೆಹರ್ ಸಿಂಗ್ ಜೊತೆ ಕೂತಿದ್ದವರು ತಿಮ್ಮಯ್ಯ. ಮೊದಲು ಬೇರೆ ಯಾರನ್ನಾದರೂ ಕಳಿಸಿ ನೋಡೋಣ ಅನ್ನಲಿಲ್ಲ.

ನಾನು ಇದನ್ನು ಧೈರ್ಯ ಅಂತ ಮಾತ್ರ ಕರೆಯುವುದಿಲ್ಲ. ಧೈರ್ಯ ತುಂಬಾ ಜನರಲ್ಲಿ ಇರುತ್ತದೆ. ಇದು ಹೋಗಿ ನೋಡುವ ಗುಣ. ಕುರ್ಚಿ ದೊಡ್ಡದಾದಷ್ಟೂ ಸುದ್ದಿ ಸೋಸಿಕೊಂಡು ಬರುತ್ತದೆ. ಕೆಳಗಿನವನು ಹೇಳಿದ್ದರಲ್ಲಿ ಖಾರ ತೆಗೆದು ನಡುವಿನವನು ಮೇಲೆ ಕಳಿಸುತ್ತಾನೆ. ಅವನ ಮೇಲಿನವನು ಉಪ್ಪೂ ತೆಗೆಯುತ್ತಾನೆ. ಕೊನೆಗೆ ಮೇಲೆ ತಲುಪುವುದು ಬರೀ ಸಪ್ಪೆ ನೀರು.

ನನಗೆ ಇದು ಸಣ್ಣ ಮಟ್ಟದಲ್ಲಿ ಗೊತ್ತು. ನಾನು ಕೆಲವು ವರ್ಷ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಒಂದು ಜುಲೈಯಲ್ಲಿ ನಮ್ಮ ಅಟೆಂಡರ್ ಬಂದು, "ಸಾರ್, ಅಕ್ಕಿ ಕೋಣೆ ಹಿಂದಿನ ಗೋಡೆ ಉಬ್ಕೊಂಡಿದೆ, ಒಂದ್ಸಲ ಬಂದು ನೋಡಿ" ಎಂದರು. ಬರುತ್ತೇನೆ ಎಂದೆ. ನಾಲ್ಕು ದಿನ ಬಿಟ್ಟು ಮತ್ತೆ ಹೇಳಿದರು. ಮಳೆ ನಿಂತ ಮೇಲೆ ರಿಪೇರಿ ಮಾಡಿಸೋಣ ಎಂದೆ. ನನ್ನ ಕೋಣೆಯಿಂದ ಆ ಗೋಡೆಗೆ ಐವತ್ತು ಹೆಜ್ಜೆ ಇದ್ದಿರಬಹುದು. ನಾನು ಹೋಗಲಿಲ್ಲ. ಒಂದು ರಾತ್ರಿ ಗೋಡೆ ಬಿತ್ತು. ರಾತ್ರಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದದ್ದು ಅದೇ ಗೋಡೆಯ ನೆರಳಲ್ಲಿ. ಬೆಳಗ್ಗೆ ಇಟ್ಟಿಗೆ ರಾಶಿಯ ಮುಂದೆ ನಿಂತಾಗ ಅಟೆಂಡರ್ ನನಗೆ ಒಂದು ಮಾತೂ ಅನ್ನಲಿಲ್ಲ. ಆ ಮೌನ ಇವತ್ತಿಗೂ ನನ್ನ ಜೊತೆ ಇದೆ. ಐವತ್ತು ಹೆಜ್ಜೆ ನಡೆಯದವನು ನಾನು. ಅದಕ್ಕೇ ಆ ಡಕೋಟಾ ವಿಮಾನದ ಕಥೆ ನನಗೆ ಬರೀ ಇತಿಹಾಸವಾಗಿ ಕಾಣುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ವೀರರ ಕಥೆ ಅಷ್ಟೇ ಆಗುತ್ತದೆ. ನಾನು ಹೇಳಬೇಕಾದದ್ದು ಇನ್ನೂ ಇದೆ, ಅದು ಸ್ವಲ್ಪ ಕಷ್ಟದ ಭಾಗ.

ಹೋಗಿ ನೋಡಿದವನು ಕಂಡದ್ದನ್ನು ಮೇಲಿನವರಿಗೆ ಹೇಳಬೇಕು. ಮೇಲಿನವರು ಕೇಳಬೇಕು. ಯುದ್ಧದ ನಾಯಕತ್ವ ಮತ್ತು ರಾಜಕೀಯದ ನಾಯಕತ್ವ ಒಂದಕ್ಕೊಂದು ಹೆಣೆದುಕೊಳ್ಳುವುದು ಇಲ್ಲೇ.

1957ರ ಮೇನಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಆ ಹೊತ್ತಿಗೆ ಅವರ ಹೆಸರು ಹೊರದೇಶಗಳಿಗೂ ಗೊತ್ತಿತ್ತು. ಕೊರಿಯಾ ಯುದ್ಧ ಮುಗಿದಾಗ ಊರಿಗೆ ಮರಳಲು ಒಪ್ಪದ ಸಾವಿರಾರು ಕೈದಿಗಳ ವಿಚಾರ ನೋಡಿಕೊಳ್ಳಲು ಐದು ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ಇವರೇ. ಎರಡೂ ಕಡೆಯವರು ಬೈಯುವ ಕೆಲಸ ಅದು. ಅದನ್ನು ಗೌರವದಿಂದ ಮುಗಿಸಿ ಬಂದಿದ್ದರು. ಪ್ರಧಾನಿ ನೆಹರೂ ಅವರಿಗೆ ತಿಮ್ಮಯ್ಯನವರ ಮೇಲೆ ಪ್ರೀತಿಯೂ ಇತ್ತು.

ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್. ತುಂಬಾ ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ದೇಶದಲ್ಲೇ ಆಯುಧ ತಯಾರಾಗಬೇಕು ಎಂದು ಹಟ ಹಿಡಿದವರೂ ಅವರೇ. ಆದರೆ ಎದುರಿಗಿದ್ದವರ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ಅವರಿಗೆ ಇರಲಿಲ್ಲ. ಅಪಾಯ ಇರುವುದು ಪಾಕಿಸ್ತಾನದಿಂದ, ಚೀನಾದಿಂದ ಅಲ್ಲ ಎಂದು ಅವರು ನಂಬಿದ್ದರು. ತಿಮ್ಮಯ್ಯನವರಿಗೆ ಉತ್ತರದ ಗಡಿಯ ಚಿಂತೆ ಹತ್ತಿತ್ತು. ಜೊತೆಗೆ ಬಡ್ತಿಯ ಜಗಳಗಳು. ಸೇನೆಯ ಒಳಗೆ ಯಾರು ಮೇಲೆ ಬರಬೇಕು ಎಂಬುದರಲ್ಲಿ ಮಂತ್ರಿಗಳು ಕೈ ಹಾಕುತ್ತಿದ್ದಾರೆ ಎಂಬ ಬೇಸರ.

1959ರ ಆಗಸ್ಟ್ ಕೊನೆಯ ವಾರ ಈಶಾನ್ಯ ಗಡಿಯ ಲಾಂಗ್ಜು ಎಂಬಲ್ಲಿ ಚೀನಾದವರು ನಮ್ಮ ಠಾಣೆಯ ಮೇಲೆ ಗುಂಡು ಹಾರಿಸಿದರು. ಅದೇ ವಾರ, ಆಗಸ್ಟ್ 31ರಂದು, ತಿಮ್ಮಯ್ಯ ರಾಜೀನಾಮೆ ಬರೆದು ಕೊಟ್ಟರು. ನೆಹರೂ ಅವರನ್ನು ಕರೆಸಿ ಮಾತಾಡಿದರು. ದೇಶ ಇಂಥ ಹೊತ್ತಿನಲ್ಲಿರುವಾಗ ಹೀಗೆ ಮಾಡಬೇಡಿ, ವಾಪಸ್ ತಗೊಳ್ಳಿ ಎಂದರು. ತಿಮ್ಮಯ್ಯ ತಗೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸಿಕ್ಕಿತ್ತು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು ಹೇಳಿದ್ದರ ಸಾರ ಇಷ್ಟು: ಇದು ಸ್ವಭಾವಗಳ ತಿಕ್ಕಾಟ, ಕಾರಣಗಳು ದೊಡ್ಡವಲ್ಲ, ಜನರಲ್ ಹೀಗೆ ಮಾಡಬಾರದಿತ್ತು. ಚುನಾಯಿತ ಸರ್ಕಾರವೇ ಸೇನೆಗಿಂತ ಮೇಲು ಎಂದೂ ಹೇಳಿದರು.

ಆ ಕೊನೆಯ ಮಾತು ನೂರಕ್ಕೆ ನೂರು ಸರಿ. ನೆಹರೂ ಅವರಿಗೆ ಭಯ ಇದ್ದದ್ದೂ ಸುಮ್ನೆ ಅಲ್ಲ. ಹಿಂದಿನ ವರ್ಷದ ಅಕ್ಟೋಬರ್ ಒಂದೇ ತಿಂಗಳಲ್ಲಿ ಪಾಕಿಸ್ತಾನದಲ್ಲಿ ಅಯೂಬ್ ಖಾನ್, ಬರ್ಮಾದಲ್ಲಿ ನೆ ವಿನ್, ಇಬ್ಬರು ಸೇನಾಧಿಕಾರಿಗಳು ಅಧಿಕಾರಕ್ಕೆ ಬಂದಿದ್ದರು. ಅಕ್ಕಪಕ್ಕದ ಎರಡೂ ಮನೆಗೆ ಬೆಂಕಿ ಬಿದ್ದಿರುವಾಗ ನಮ್ಮ ಮನೆಯ ಒಲೆ ಕಂಡರೂ ಅಂಜಿಕೆಯಾಗುತ್ತದೆ. ಇವತ್ತಿಗೂ ನಮ್ಮಲ್ಲಿ ಸೇನೆ ಬ್ಯಾರಕ್ಕಿನಲ್ಲೇ ಇದೆ ಅಂದರೆ ಅದರಲ್ಲಿ ನೆಹರೂ ಪಾಲು ದೊಡ್ಡದು. ಅದನ್ನು ಮರೆತು ಅವರನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ.

ಆದರೆ ಸರ್ಕಾರ ಮೇಲು ಎಂಬ ಸರಿಯಾದ ಮಾತಿನ ಅಡಿಯಲ್ಲಿ ಬೇರೊಂದು ಪ್ರಶ್ನೆ ಮುಚ್ಚಿಹೋಯಿತು. ಜನರಲ್ ಏನು ಹೇಳುತ್ತಿದ್ದಾರೆ? ಗಡಿಯಲ್ಲಿ ನಿಜವಾಗಿ ಏನಿದೆ? ಆ ದಿನ ಎಲ್ಲ ಅಧಿಕಾರಿಗಳಿಗೂ ಒಂದು ಪಾಠ ಸಿಕ್ಕಿತು: ಇಷ್ಟು ದೊಡ್ಡ ಮನುಷ್ಯ ಬಾಯಿ ಬಿಟ್ಟರೆ ಇಷ್ಟೇ ಬೆಲೆ, ಇನ್ನು ನಾವು ಬಾಯಿ ಬಿಟ್ಟು ಏನು? ತಿಮ್ಮಯ್ಯ 1961ರ ಮೇನಲ್ಲಿ ನಿವೃತ್ತರಾದರು. ತಮ್ಮ ನಂತರ ಥೋರಾಟ್ ಬರಲಿ ಎಂದು ಅವರು ಸೂಚಿಸಿದ್ದರು. ಈ ಥೋರಾಟ್ ಯಾರು ಗೊತ್ತಾ? ಕೊರಿಯಾದಲ್ಲಿ ಕೈದಿಗಳು ನಮ್ಮ ಒಬ್ಬ ಮೇಜರ್‌ನನ್ನು ಒಳಗೆ ಎಳೆದುಕೊಂಡಾಗ ಬರಿಗೈಯಲ್ಲಿ ಅವರ ಬೇಲಿಯೊಳಗೆ ಹೋಗಿ ಬಿಡಿಸಿಕೊಂಡು ಬಂದವರು. ಪೂರ್ವದ ಗಡಿ ನೋಡಿಕೊಳ್ಳುತ್ತಿದ್ದಾಗ ಚೀನಾ ಬಂದರೆ ಎಲ್ಲಿ ತಡೆಯಬೇಕು, ಎಷ್ಟು ಸೈನ್ಯ ಬೇಕು ಎಂದು ಲೆಕ್ಕ ಹಾಕಿ ಬರೆದು ಕೊಟ್ಟಿದ್ದರು. ಅವರು ಮುಖ್ಯಸ್ಥರಾಗಲಿಲ್ಲ. ಲೆಕ್ಕ ಕಡತದಲ್ಲೇ ಉಳಿಯಿತು.

1962ರ ಅಕ್ಟೋಬರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳಲು ಸಂಕಟ ಆಗುತ್ತದೆ. ನಮ್‌ಕಾ ಚು ಎಂಬ ಈಶಾನ್ಯ ಗಡಿಯ ಹೊಳೆಯ ದಡದಲ್ಲಿ ನಮ್ಮ ಒಂದು ಬ್ರಿಗೇಡ್, ಅಂದರೆ ಕೆಲವು ಸಾವಿರ ಸೈನಿಕರ ಪಡೆ, ನಿಂತಿತ್ತು. ಎದುರಿನ ಥಾಗ್ಲಾ ದಿಣ್ಣೆಯ ಮೇಲೆ ಚೀನಾದವರು. ಕೆಳಗೆ ನಿಂತ ನಮ್ಮ ಹುಡುಗರಲ್ಲಿ ತುಂಬಾ ಜನರ ಮೈಮೇಲೆ ಹತ್ತಿ ಬಟ್ಟೆಯ ಸಮವಸ್ತ್ರ. ಆ ಚಳಿಗೆ ಹತ್ತಿ ಬಟ್ಟೆ. ಜೇಬಿನಲ್ಲಿ ಎಣಿಸಿದಷ್ಟು ಗುಂಡು. ಇಲ್ಲಿ ನಿಂತು ಕಾದುವುದು ಆಗದ ಮಾತು, ಸಾಮಾನು ಸರಂಜಾಮು ತಲುಪುತ್ತಿಲ್ಲ ಎಂದು ಹೇಳಿದ ಕೋರ್ (ಕೆಲವು ಡಿವಿಷನ್ನುಗಳು ಸೇರಿದ ದೊಡ್ಡ ಪಡೆ) ಕಮಾಂಡರ್ ಉಮ್ರಾವ್ ಸಿಂಗ್ ಅವರ ಕೈಯಿಂದ ಆ ಗಡಿಯನ್ನೇ ತೆಗೆದರು. ಅದಕ್ಕೆಂದೇ ಹೊಸ ಕೋರ್ ಮಾಡಿ ಬಿ.ಎಂ. ಕೌಲ್ ಅವರಿಗೆ ಕೊಟ್ಟರು.

ಕೌಲ್ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರು ದೆಹಲಿಯಲ್ಲಿ ಕೂತು ಆಜ್ಞೆ ಮಾಡಲಿಲ್ಲ. ಆ ಬೆಟ್ಟ ಹತ್ತಿ ಹೊಳೆಯ ದಡದ ತನಕ ಹೋದರು. ಅಕ್ಟೋಬರ್ 10ರಂದು ಚೀನಾದವರು ನಮ್ಮ ಒಂದು ಸಣ್ಣ ತುಕಡಿಯ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡರು. ಕಂಡು ದೆಹಲಿಗೆ ಓಡಿ ಬಂದರು. ಅಂದರೆ ಹೋಗಿ ನೋಡುವುದೊಂದೇ ಸಾಲದು. 11ರ ರಾತ್ರಿ ಪ್ರಧಾನಿಯ ಮುಂದೆ ದೊಡ್ಡವರೆಲ್ಲ ಸೇರಿದರು. ಆ ಬ್ರಿಗೇಡನ್ನು ಹಿಂದಕ್ಕೆ ಕರೆಸಿ ಎಂಬ ತೀರ್ಮಾನ ಆ ಕೋಣೆಯಿಂದ ಹೊರಗೆ ಬರಲಿಲ್ಲ. ಮಾರನೆಯ ದಿನ ನೆಹರೂ ಸಿಲೋನಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರು ಕೇಳಿದರು. ನಮ್ಮ ಜಾಗ ಖಾಲಿ ಮಾಡಿಸಲು ಸೇನೆಗೆ ಹೇಳಿದ್ದೇವೆ ಎಂದರು. 20ರ ನಸುಕಿನಲ್ಲಿ ಚೀನಾ ಆ ದಿಣ್ಣೆ ಇಳಿದು ಬಂತು. ಬ್ರಿಗೇಡ್ ಕೆಲವೇ ಗಂಟೆಗಳಲ್ಲಿ ಚದುರಿಹೋಯಿತು. ಒಂದು ತಿಂಗಳ ಆ ಯುದ್ಧದಲ್ಲಿ ನಮ್ಮವರು 1,383 ಜನ ಸತ್ತರು, ಸುಮಾರು 1,700 ಜನ ಕಾಣೆಯಾದರು.

ಕನ್ನಡದಲ್ಲಿ 'ಕೇಳು' ಅನ್ನುವ ಪದ ಇದೆಯಲ್ಲ, ಅದನ್ನು ಸ್ವಲ್ಪ ಯೋಚಿಸಿ ನೋಡಿ. ಪ್ರಶ್ನೆ ಕೇಳುತ್ತೇವೆ. ಹಾಡು ಕೇಳುತ್ತೇವೆ. ಅಪ್ಪ ಅಮ್ಮನ ಮಾತು ಕೇಳುತ್ತೇವೆ. ವಿಚಾರಿಸುವುದು, ಕಿವಿಗೆ ಹಾಕಿಕೊಳ್ಳುವುದು, ಅದರಂತೆ ನಡೆಯುವುದು, ಮೂರಕ್ಕೂ ಒಂದೇ ಪದ. ಮೊದಲನೆಯದು ಸುಲಭ. ಎರಡನೆಯದಕ್ಕೆ ತಾಳ್ಮೆ ಬೇಕು. ಮೂರನೆಯದಕ್ಕೆ ಎದೆ ಬೇಕು. ಧೃತರಾಷ್ಟ್ರನ ನೆನಪು ಮಾಡಿಕೊಳ್ಳಿ. ನಿದ್ದೆ ಬಾರದೆ ವಿದುರನನ್ನು ಕರೆಸಿದ. ರಾತ್ರಿಯಿಡೀ ಕೇಳಿದ. ವಿದುರ ಏನನ್ನೂ ಮುಚ್ಚಿಡಲಿಲ್ಲ, ಪಾಂಡವರ ಪಾಲು ಕೊಡು ಎಂದು ನೇರವಾಗಿ ಹೇಳಿದ. ನೀನು ಹೇಳುವುದೆಲ್ಲ ಸರಿ ಎಂದು ಧೃತರಾಷ್ಟ್ರ ಒಪ್ಪಿಕೊಂಡ ಕೂಡ. ಬೆಳಗಾದ ಮೇಲೆ ನಡೆದದ್ದು ಮಗನ ಮಾತೇ. ಸಭೆಗಳನ್ನು ಕರೆಯುವ, ವರದಿಗಳನ್ನು ತರಿಸುವ, ತಲೆಯಾಡಿಸುವ ನಾಯಕರನ್ನು ಕಂಡಾಗೆಲ್ಲ ನನಗೆ ಆ ರಾತ್ರಿಯೇ ನೆನಪಾಗುತ್ತದೆ.

ಈಗ ಒಂದು ಒಳ್ಳೆಯ ಉದಾಹರಣೆ. 1971.

ಮಾರ್ಚ್ 25ರ ರಾತ್ರಿಯಿಂದ ಪೂರ್ವ ಪಾಕಿಸ್ತಾನದಲ್ಲಿ ಕೊಲೆಗಳು ಶುರುವಾದವು. ಜನ ಗಡಿ ದಾಟಿ ಬರತೊಡಗಿದರು. ವರ್ಷದ ಕೊನೆಗೆ ಆ ನಿರಾಶ್ರಿತರ ಸಂಖ್ಯೆ ಒಂದು ಕೋಟಿಯ ಹತ್ತಿರ ಹೋಯಿತು. ತಕ್ಷಣ ಸೇನೆ ನುಗ್ಗಲಿ ಎಂಬ ಕೂಗು ಎಲ್ಲ ಕಡೆ. ಸೇನೆಯ ಮುಖ್ಯಸ್ಥ ಸ್ಯಾಮ್ ಮಾಣಿಕ್‌ಶಾ. ಅವರೇ ಆಮೇಲೆ ಎಷ್ಟೋ ಸಲ ಹೇಳಿಕೊಂಡ ಪ್ರಕಾರ, ಏಪ್ರಿಲ್ ಕೊನೆಯಲ್ಲಿ ಇಂದಿರಾ ಗಾಂಧಿ ಅವರನ್ನು ಸಂಪುಟದ ಸಭೆಗೆ ಕರೆಸಿದರು. ಈಗ ಆಗುವುದಿಲ್ಲ ಎಂದರು ಮಾಣಿಕ್‌ಶಾ. ಮಳೆಗಾಲ ಬಂದರೆ ಬಂಗಾಳದ ನದಿಗಳು ಸಮುದ್ರ ಆಗುತ್ತವೆ. ಹಿಮಾಲಯದ ಘಾಟಿಗಳು ತೆರೆದಿರುತ್ತವೆ, ಚೀನಾ ಬರಬಹುದು. ನನ್ನ ಟ್ಯಾಂಕುಗಳು ಸಿದ್ಧ ಇಲ್ಲ. ಸುಗ್ಗಿ ಕಾಲ, ಸೈನ್ಯ ಸಾಗಿಸಲು ರೈಲು ತೆಗೆದುಕೊಂಡರೆ ಧಾನ್ಯ ಸಾಗಿಸಲು ಏನೂ ಉಳಿಯುವುದಿಲ್ಲ. ಬೇಕಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದರಂತೆ.

ಇಂದಿರಾ ಗಾಂಧಿಯವರಿಗೆ ಏಪ್ರಿಲ್‌ನಲ್ಲೇ ಯುದ್ಧ ಬೇಕಿರಲಿಲ್ಲ, ಈ ಕಥೆ ಹೇಳುತ್ತಾ ಹೇಳುತ್ತಾ ಬೆಳೆದಿದೆ ಅನ್ನುವ ಇತಿಹಾಸಕಾರರೂ ಇದ್ದಾರೆ. ಇರಬಹುದು. ಆದರೆ ನಡೆದದ್ದನ್ನು ನೋಡಿ. ಅವರು ಕಾದರು. ಏಪ್ರಿಲ್‌ನಿಂದ ಡಿಸೆಂಬರ್ ತನಕ ಕಾದರು. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ತಾವೇ ಯುರೋಪಿಗೆ, ಅಮೆರಿಕಕ್ಕೆ ಹೋಗಿ ವಿಷಯ ಹೇಳಿ ಬಂದರು. ಜನ ಹೇಡಿ ಎಂದರೂ, ವಿರೋಧ ಪಕ್ಷಗಳು ಕೂಗಾಡಿದರೂ, ಸೇನೆಗೆ ಬೇಕಿದ್ದ ತಿಂಗಳುಗಳನ್ನು ಅವರು ತಮ್ಮ ಮೈಮೇಲೆ ಹಾಕಿಕೊಂಡು ಕೊಟ್ಟರು. ರಾಜಕೀಯದ ನಾಯಕ ಯುದ್ಧದಲ್ಲಿ ಕೊಡಬಹುದಾದ ದೊಡ್ಡ ಕಾಣಿಕೆ ಸಮಯ ಎಂದು ನಾನು ನಂಬುತ್ತೇನೆ. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದಲ್ಲಿ ಮುಗಿಯಿತು. ಸುಮಾರು 93,000 ಜನ ಸೆರೆಯಾದರು.

ಮಾಣಿಕ್‌ಶಾ ಅವರಿಗೂ ತಿಮ್ಮಯ್ಯನವರಿಗೂ ಒಂದು ನಂಟಿದೆ. ಮೆನನ್ ಮಂತ್ರಿಯಾಗಿದ್ದಾಗ ಒಮ್ಮೆ ಮಾಣಿಕ್‌ಶಾ ಅವರನ್ನು, ನಿಮ್ಮ ಜನರಲ್ ತಿಮ್ಮಯ್ಯ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಕೇಳಿದರಂತೆ. ಅವರು ನನ್ನ ಮುಖ್ಯಸ್ಥರು, ಅವರ ಬಗ್ಗೆ ಹೇಳುವುದು ನನ್ನ ಕೆಲಸವಲ್ಲ, ಹೀಗೇ ಆದರೆ ನಾಳೆ ನನ್ನ ಕೆಳಗಿನವರನ್ನು ಕರೆದು ನನ್ನ ಬಗ್ಗೆ ಕೇಳುತ್ತೀರಿ ಎಂದು ಇವರು ಉತ್ತರ ಕೊಟ್ಟರಂತೆ. ಇದೂ ಮಾಣಿಕ್‌ಶಾ ಹೇಳಿದ ಕಥೆಯೇ. ಆಮೇಲೆ ಅವರ ಮೇಲೆ ವಿಚಾರಣೆ ನಡೆದದ್ದಂತೂ ದಾಖಲೆಯಲ್ಲಿದೆ. ಅದರಲ್ಲಿ ನಿರ್ದೋಷಿ ಎಂದಾಯಿತು. 1962ರಲ್ಲಿ ಕೌಲ್ ಬಿಟ್ಟುಹೋದ ಅದೇ ಕೋರನ್ನು ಎತ್ತಿ ನಿಲ್ಲಿಸಲು ಕಳಿಸಿದ್ದು ಇವರನ್ನೇ.

ಹೊರದೇಶದ ಒಂದೇ ಒಂದು ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, 1863ರ ಜುಲೈ 13ರಂದು, ಅಧ್ಯಕ್ಷ ಲಿಂಕನ್ ಜನರಲ್ ಗ್ರ್ಯಾಂಟ್‌ಗೆ ಒಂದು ಸಣ್ಣ ಕಾಗದ ಬರೆದರು. ವಿಕ್ಸ್‌ಬರ್ಗ್ ಹಿಡಿಯಲು ನೀವು ಹಿಡಿದ ದಾರಿ ತಪ್ಪು ಎಂದು ನಾನು ಅಂದುಕೊಂಡಿದ್ದೆ, ನೀವೇ ಸರಿ, ನಾನು ತಪ್ಪು ಎಂದು. ಆ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಭೇಟಿ ಕೂಡ ಆಗಿರಲಿಲ್ಲ. ಮಾರನೆಯ ದಿನ ಇನ್ನೊಬ್ಬ ಜನರಲ್ ಮೀಡ್ ಅವರಿಗೆ ಕಾಗದ ಬರೆದರು. ಗೆಟಿಸ್‌ಬರ್ಗ್‌ನಲ್ಲಿ ಗೆದ್ದ ಮೇಲೂ ಶತ್ರುವನ್ನು ತಪ್ಪಿಸಿಕೊಳ್ಳಲು ಬಿಟ್ಟಿರಲ್ಲ ಎಂದು ಸಿಟ್ಟು, ಸಂಕಟ ಎಲ್ಲ ಅದರಲ್ಲಿ ತೋಡಿಕೊಂಡಿದ್ದರು. ಆ ಕಾಗದವನ್ನು ಕಳಿಸಲೇ ಇಲ್ಲ. ಸಹಿಯನ್ನೂ ಹಾಕಲಿಲ್ಲ. ಮಡಿಸಿ ಒಳಗಿಟ್ಟರು. ತನ್ನ ತಪ್ಪು ಒಪ್ಪಿದ ಕಾಗದ ಅಂಚೆಗೆ ಹೋಯಿತು, ಬೇರೆಯವರ ತಪ್ಪು ಎಣಿಸಿದ ಕಾಗದ ಡ್ರಾಯರ್‌ನಲ್ಲಿ ಉಳಿಯಿತು. ನೀವು ನಾಳೆ ಏನೇ ಆಗಿ, ಒಂದು ಸಂಘದ ಕಾರ್ಯದರ್ಶಿಯೇ ಆಗಿ, ಈ ಎರಡು ಕಾಗದ ನೆನಪಿಟ್ಟುಕೊಳ್ಳಿ.

ಮತ್ತೆ ಇಂದಿರಾ ಗಾಂಧಿಯವರ ವಿಷಯಕ್ಕೆ ಬರಬೇಕು. 1971ರಲ್ಲಿ 'ಈಗ ಬೇಡ' ಎಂಬ ಮಾತನ್ನು ಕೇಳಿಸಿಕೊಂಡವರೇ 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ತಂದರು. ಪತ್ರಿಕೆಗಳ ಬಾಯಿ ಮುಚ್ಚಿಸಿದರು. ವಿರೋಧ ಹೇಳುವವರನ್ನು ಜೈಲಿಗೆ ಹಾಕಿದರು. ಎಷ್ಟೋ ನಾಯಕರನ್ನು ನಮ್ಮ ಬೆಂಗಳೂರಿನ ಜೈಲಿನಲ್ಲೇ ಇಟ್ಟಿದ್ದರು. ಆಮೇಲೆ ಅವರ ಕಿವಿಗೆ ಬಿದ್ದದ್ದು ಸುತ್ತ ಇದ್ದವರ ಹೊಗಳಿಕೆ ಮಾತ್ರ. 1977ರ ಚುನಾವಣೆಯಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. ನಾಲ್ಕೇ ವರ್ಷದಲ್ಲಿ ಅದೇ ಮನುಷ್ಯ ಹೀಗಾಗಬಹುದು. ಇದು ನನ್ನನ್ನು ತುಂಬಾ ಕಾಡುತ್ತದೆ. ಕೇಳುವ ಗುಣ ಒಮ್ಮೆ ಬಂದರೆ ಉಳಿಯುವ ಆಸ್ತಿ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಗೆದ್ದ ಮೇಲೆಯೇ ಅದು ಬೇಗ ಹೋಗುತ್ತದೆ.

ಮಾತು ಮುಗಿಸಿದ ಮೇಲೆ ಒಬ್ಬ ಹುಡುಗಿ, ಎನ್‌ಸಿಸಿ ಸಮವಸ್ತ್ರದಲ್ಲಿದ್ದವಳು, ಎದ್ದು ನಿಂತು ಕೇಳಿದಳು: "ಸಾರ್, ತಿಮ್ಮಯ್ಯನವರು ರಾಜೀನಾಮೆ ವಾಪಸ್ ತಗೊಂಡಿದ್ದು ಸರಿಯಾ?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ನನಗೆ ಅನ್ನಿಸಿದ್ದನ್ನು ಹೇಳಿದೆ. ತಗೊಂಡಿದ್ದು ತಪ್ಪಲ್ಲಮ್ಮ, ಕೊಟ್ಟದ್ದು ತಪ್ಪು. ಅಯೂಬ್ ಖಾನ್ ಬಂದು ಹನ್ನೊಂದು ತಿಂಗಳೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಸೇನೆಯ ಮುಖ್ಯಸ್ಥರು ಬಿಟ್ಟು ಹೊರಟಿದ್ದರೆ ದೆಹಲಿಯ ಅನುಮಾನ ಇನ್ನೂ ಗಟ್ಟಿಯಾಗುತ್ತಿತ್ತು. ಪ್ರಧಾನಿ ಕೈ ಹಿಡಿದು ಕೇಳಿದಾಗ ಒಬ್ಬ ಸೈನಿಕ ಇಲ್ಲ ಅನ್ನುವುದೂ ಕಷ್ಟ. ಆದರೆ ಕೊಟ್ಟು ಹಿಂದೆ ತಗೊಂಡ ಮೇಲೆ ಅವರ ಮಾತಿನ ತೂಕ ಇಳಿಯಿತು. ಇನ್ನೊಂದು ಸಲ ಕೊಡುವ ಹಾಗೂ ಇರಲಿಲ್ಲ. ಮುಂದಿನ ಇಪ್ಪತ್ತು ತಿಂಗಳು ಅವರು ಆ ಕುರ್ಚಿಯಲ್ಲಿ ಹೇಗೆ ಕೂತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

"ಹಾಗಾದ್ರೆ ಅವರು ಏನು ಮಾಡ್ಬೇಕಿತ್ತು ಸಾರ್?" ಎಂದಳು.

ಅವರು ಮಾಡಿದ್ದನ್ನೇ ಹೇಳಿದೆ. ನಿವೃತ್ತರಾಗಿ, ಸಮವಸ್ತ್ರ ಕಳಚಿದ ಮೇಲೆ, 1962ರ ಜುಲೈಯಲ್ಲಿ 'ಸೆಮಿನಾರ್' ಎಂಬ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಿ ಬರೆದರು. ಚೀನಾದ ಜೊತೆ ನಾವು ಒಬ್ಬರೇ ನಿಂತು ಬಹಿರಂಗ ಯುದ್ಧ ಮಾಡುವುದನ್ನು ಒಬ್ಬ ಸೈನಿಕನಾಗಿ ನಾನು ಊಹಿಸಲಾರೆ, ದೇಶದ ಭದ್ರತೆಯನ್ನು ರಾಜಕಾರಣಿಗಳು, ರಾಯಭಾರಿಗಳು ನೋಡಿಕೊಳ್ಳಬೇಕು ಎಂಬ ಅರ್ಥದಲ್ಲಿ. ಗೆಲ್ಲುತ್ತೇವೆ ಎಂದು ಬರೆದಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಪತ್ರಿಕೆ ಬಂದದ್ದು ಜುಲೈಯಲ್ಲಿ. ಓದಿ ಯೋಚಿಸಲು ದೆಹಲಿಗೆ ಇನ್ನೂ ಮೂರು ತಿಂಗಳು ಇತ್ತು.

ಹುಡುಗಿ ಕೂರಲಿಲ್ಲ. "ಆಮೇಲೆ ಅವರು?"

ಆಮೇಲೆ 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ಗೆ ಕರೆಯಿತು. ಗ್ರೀಕರು, ತುರ್ಕರು ಹೊಡೆದಾಡುತ್ತಿದ್ದ ದ್ವೀಪ. ಶಾಂತಿಪಡೆಯ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. 59 ವರ್ಷ. ಮುಂದಿನ ವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ದೇಹವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಿದರು.